ಡಬ್ಬಾ ಬಡಿಯುವ ಹಾಡು

ಅಕ್ಕಾ,

ನೀನು ಎಲ್ಲಿದ್ದೀಯೋ ನಮಗ್ಯಾರಿಗೂ ಗೊತ್ತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅಪ್ಪನಿಗೆ ಹಲ್ಲು ಕೀಳಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರು ವಸಡಿಗೆ ಇಂಜೆಕ್ಷನ್ ಕೊಟ್ಟು ಆಚೆ ಹೋದರು. ಅಷ್ಟರಲ್ಲಿ ನರ್ಸಿನ ರೇಡಿಯೋದಲ್ಲಿ ನೀನು ದಿನವೂ ಟೇಪಿನಲ್ಲಿ ಹಾಕುತ್ತಿದ್ದ ಆ ಹಾಡು ಬಂತು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿಕೊಂಡು ಹಾಡುವ, ಡಬ್ಬಾ ಬಡಿದ ಹಾಗಿದೆ ಅಂತ ಅಪ್ಪ ಬೈಯುತ್ತಿದ್ದ ಹಾಡು. ಸಂಗೀತ ಮೇಷ್ಟ್ರ ಮನೆಯ ಮಾನ ಹೋಯಿತು ಅಂತ ಅವರು ನಿನ್ನ ಟೇಪ್ ರೆಕಾರ್ಡರನ್ನು ಬೀದಿಗೆಸೆದದ್ದು, ಅದರ ಹಿಂದೆಯೇ ನೀನು ಹೊರಟುಹೋದದ್ದು, ಎಲ್ಲ ಇದಕ್ಕೇ ಅಲ್ಲವಾ?

ನಾನು ತಟ್ಟನೆ ಎದ್ದೆ. "ನಿಲ್ಲಿಸೋಕೆ ಹೇಳ್ಲಾ ಅಪ್ಪಾ?" ಅಂದೆ.

ಬೇಡ ಅಂತ ಕೈಯಾಡಿಸಿದರು. ಆಮೇಲೆ ಜೋಮು ಹಿಡಿದ ತುಟಿಯಲ್ಲೇ ಎರಡನೇ ಚರಣ ಗುನುಗಿದರು. ಒಂದು ಪದವೂ ತಪ್ಪಲಿಲ್ಲ.

"ನಿಮಗೆ ಇದು ಹೇಗೆ ಬರುತ್ತೆ?"

"ಅವಳ ಕೋಣೆ ಗೋಡೆಗೆ ಕಿವಿ ಇಟ್ಟು ಕೇಳ್ತಿದ್ದೆ. ಚೆನ್ನಾಗಿತ್ತು ಕಣೇ. ಅಷ್ಟು ಜನ ಶಿಷ್ಯರ ಮುಂದೆ ಹೇಗೆ ಒಪ್ಕೊಳ್ಳಲಿ?"

ಹಾಡು ಮುಗಿದಾಗ ಅಪ್ಪ ನರ್ಸನ್ನು ಕರೆದರು. "ಅದನ್ನ ಇನ್ನೊಂದು ಸಲ ಹಾಕ್ತೀಯೇನಮ್ಮಾ?"

"ಇದು ರೇಡಿಯೋ ತಾತಾ, ನಾವು ಕೇಳಿದಾಗ ಬರಲ್ಲ," ಅಂದಳು.

"ಸರಿ" ಅಂದರು ಅಪ್ಪ. ಡಾಕ್ಟರು ಇನ್ನೂ ಬಂದಿರಲಿಲ್ಲ. ಆದರೂ ಬಾಯಿ ತೆರೆದು, ಕಣ್ಣು ಮುಚ್ಚಿಕೊಂಡರು.