ಅಳುವವರಿಗೊಂದು ವಾಲ್ಟ್ಸ್

ತಪಾಚುಲಾ, ಮೆಕ್ಸಿಕೊ
ಮಂಗಳವಾರ

ಸಿಟ್ಟಿನಲ್ಲಿರುವ ನನ್ನ ಅಪ್ಪನಿಗೆ,

ಫೋನಿನಲ್ಲಿ ನನ್ನ ದನಿ ಕೇಳಿದರೆ ನೀವು ಎದ್ದು ಹೋಗುತ್ತೀರಿ. ಅದಕ್ಕೇ ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದೇನೆ. ಅವಳು ಬರೆದು ನಿಮ್ಮ ಕೈಗೆ ಕೊಡುತ್ತಾಳೆ.

ಶನಿವಾರ ಒಟಿಲಿಯಾಳ ಮದುವೆ. ನನ್ನ ಬ್ಯಾಂಡು ಸ್ಪೀಕರ್ ಹೊತ್ತು ಬಂದರೆ ಚರ್ಚಿನ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದಿರಂತೆ. ತಂಗಿ ಅತ್ತಳು: “ಅಣ್ಣಾ, ನನ್ನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗೋರು ಯಾರೋ?”

ನಾನು ಮರಿಂಬಾದ ಮರದ ಪಟ್ಟಿಗಳನ್ನೂ ಬಾರಿಸುವ ಕೋಲುಗಳನ್ನೂ ಬಿಟ್ಟು ಹೊರಟ ದಿನ ನೀವು ಅಂದಿರಿ: “ಜನ ಕೇಳಿದ್ದನ್ನೇ ಕೊಡ್ತಾ ಹೋಗು. ಕೊನೆಗೆ ಏನು ಕೇಳ್ಬೇಕು ಅನ್ನೋದೇ ಅವರಿಗೆ ಮರ್ತೋಗತ್ತೆ.” ನಾನೂ ಬಿಡಲಿಲ್ಲ: “ನಿಮ್ಮ ವಾಲ್ಟ್ಸ್ ಕೇಳಿದ್ರೆ ಪಾದ್ರಿನೂ ಗೊರಕೆ ಹೊಡೀತಾನೆ!” ನೀವು ನಗಲಿಲ್ಲ.

ಇಲ್ಲಿ ಕೀಬೋರ್ಡಿನಲ್ಲಿ ಕುಂಬಿಯಾ ನುಡಿಸುತ್ತೇನೆ. ದಿನವಿಡೀ ಬಾಳೆತೋಟದಲ್ಲಿ ನಿಂತು ದುಡಿದ ಹೆಂಗಸರು ಆ ಕಾಲಲ್ಲೇ ಕುಣಿಯುತ್ತಾರೆ, ಅಪ್ಪ. ಅದನ್ನು ಕೀಳು ಅನ್ನಲು ನನಗೆ ನಾಲಿಗೆ ಬಾರದು.

ಆದರೆ ಮೊನ್ನೆ ಒಂದು ಸಾವಿನ ಮನೆಗೆ ಕರೆದರು. ಸತ್ತವನು ಗಡಿಯಾಚೆಯ ನಮ್ಮ ಷೆಲಾ ಊರಿನ ಕಡೆಯ ಮುದುಕ. ಅವನ ಮಗಳು ಊರಿನ ವಾಲ್ಟ್ಸ್ ಒಂದನ್ನು ಕೇಳಿದಳು. ಕೀಬೋರ್ಡಿನಲ್ಲಿ ಮರಿಂಬಾದ ದನಿ ಬರಿಸುವ ಗುಂಡಿ ಇದೆ; ಒತ್ತಿದೆ. ಸ್ವರವೇನೋ ಸರಿಯಾಗಿಯೇ ಬಂತು. ನಾದಪೆಟ್ಟಿಗೆಯ ತೂತಿಗೆ ನೀವು ಜೇನುಮೇಣದಲ್ಲಿ ಅಂಟಿಸುತ್ತೀರಲ್ಲ ಹಂದಿಕರುಳಿನ ಪೊರೆ, ಅದರ ನಡುಕ ಮಾತ್ರ ಇರಲಿಲ್ಲ. ಅರ್ಧಕ್ಕೇ ಅವಳು, “ಸಾಕು ಬಿಡಪ್ಪ, ಬೇಜಾರು ಮಾಡ್ಕೋಬೇಡ,” ಅಂದಳು. ಕುಣಿಯುವವರಿಗೆ ಕೊಡಲು ನನ್ನ ಹತ್ತಿರ ಬೇಕಾದಷ್ಟಿದೆ. ಅಳುವವರಿಗೆ ಕೊಡಲು ಏನೂ ಇಲ್ಲ.

ನಾಲ್ವರು ಸಾಲಾಗಿ ನಿಲ್ಲುವ ಮರಿಂಬಾವನ್ನು ನೀವು ಮೂವರೇ ನುಡಿಸುತ್ತಿದ್ದೀರಂತೆ. ನನ್ನ ಜಾಗಕ್ಕೆ ಬೇರೆ ಯಾರನ್ನೂ ಸೇರಿಸಿಲ್ಲವಂತೆ. “ಅಲ್ಲೀಗ ಬೆಕ್ಕು ಮಲಗತ್ತೆ ಕಣೋ,” ಎಂದು ಚಿಕ್ಕಪ್ಪ ಗೇಲಿ ಮಾಡಿದ.

ಶನಿವಾರ ಅಲ್ಲಿ ನಾನು ನಿಲ್ಲುತ್ತೇನೆ. ಊಟ ಮುಗಿಯುವ ತನಕ ಮರಿಂಬಾ ಒಂದೇ. ಸ್ಪೀಕರಿಗೆ ತಂತಿ ಚುಚ್ಚುವುದಿಲ್ಲ. ನೀವು ಮನೆಗೆ ಹೊರಟ ಮೇಲೆ ಹುಡುಗರು ಕುಣಿಯಲಿ. ಅಷ್ಟಕ್ಕೆ ಒಪ್ಪಿಕೊಳ್ಳಿ. ವಾಲ್ಟ್ಸಿನಲ್ಲಿ ನನ್ನ ಪಾಲಿನ ಬಾಸ್ ಸ್ವರಗಳು ನನಗೆ ಪೂರ್ತಿ ಬಾಯಿಪಾಠ, ಚಿಂತೆ ಬೇಡ. ನೀವು ಒಟಿಲಿಯಾಳ ಕೈ ಹಿಡಿದರೆ ಸಾಕು.

ನಿಮ್ಮ ಮಗ,
ಎಲ್ಫೆಗೊ

ತಾ.ಕ.: ಬಾಯಿಪಾಠ ಅಂದದ್ದು ಸುಳ್ಳು. ಮೇಜಿನ ಮೇಲೆ ಬಾರಿಸಿ ನೋಡಿದೆ. ವಾಲ್ಟ್ಸಿನ ಎರಡನೆಯ ಭಾಗಕ್ಕೆ ಬರುತ್ತಲೇ ಕೈ ತಾನಾಗಿ ಕುಂಬಿಯಾಕ್ಕೆ ಹೊರಳುತ್ತದೆ. ಗುರುವಾರವೇ ಬಂದುಬಿಡುತ್ತೇನೆ. ಬೈದಾದರೂ ಕಲಿಸಿ, ಅಪ್ಪ.