ಕಲ್ಹಟ್ಟಿ ಘಾಟಿಯಲ್ಲಿ ಕೆಂಪು ದೀಪ

ಕೆತ್ತಿ
18 ಫೆಬ್ರವರಿ 1996, ಭಾನುವಾರ

ನನ್ನ ಪ್ರೀತಿಯ ನಿರಂಜನ್,

ನೋಡಿ, ಹೆಸರು ಬರೆದೇಬಿಟ್ಟೆ! ಮನೆಯಲ್ಲಿ ನಿಮ್ಮ ಹೆಸರೆತ್ತಿದರೆ ಅತ್ತೆ ಹುಬ್ಬು ಮೇಲಕ್ಕೆ ಹೋಗುತ್ತದೆ, ಅದಕ್ಕೇ ಬಾಯಲ್ಲಿ ಬರೀ ‘ಅವರು’, ‘ಇವರು’. ಕಾಗದದಲ್ಲಿ ಮಾತ್ರ ನನ್ನ ರಾಜ್ಯ. ನಿರಂಜನ್, ನಿರಂಜನ್, ನಿರಂಜನ್. ಹೇಗಿದ್ದೀರಿ? ಕೆಮ್ಮು ಪೂರ್ತಿ ಹೋಯಿತೇ? ಜೋರ್ಹಾಟಿನ ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೋ ಅಥವಾ ಇನ್ನೂ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲಿಸುತ್ತಾರೋ? ದಿನವಿಡೀ ಟೀ ಬಾಯಿಗೆ ಹಾಕಿ ರುಚಿ ನೋಡಿ ಉಗುಳುವುದನ್ನು ಕಲಿಸಲು ಅಷ್ಟು ದೂರ ಅಸ್ಸಾಮಿಗೆ ಕಳಿಸಿದ್ದಾರೆ ಎಂದರೆ ಮೈಸೂರಿನಲ್ಲಿ ನಮ್ಮಮ್ಮ ಇನ್ನೂ ನಂಬಿಲ್ಲ. ಊಟ ಬಿಡಬೇಡಿ. ನೀಲಿ ಸ್ವೆಟರ್ ಮರೆತು ಹೋಗಿದ್ದೀರಲ್ಲ, ಅದನ್ನು ನಾನೇ ಹಾಕಿಕೊಂಡು ಓಡಾಡುತ್ತಿದ್ದೇನೆ, ತೊಳೆದಿಲ್ಲ, ತೊಳೆಯುವುದೂ ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಮಾವನಿಗೆ ಏನೂ ಆಗಿಲ್ಲ, ನನಗೂ ಏನೂ ಆಗಿಲ್ಲ. ಇದನ್ನು ಓದಿದ ಕೂಡಲೇ ನಿಮ್ಮ ಎದೆ ಧಸಕ್ಕೆಂದಿರುತ್ತದೆ, ಗೊತ್ತು. ಆದರೂ ಮೊದಲು ಇದನ್ನೇ ಹೇಳಬೇಕಿತ್ತು. ಉಳಿದದ್ದನ್ನು ನಿಧಾನವಾಗಿ ಓದಿ, ಟ್ರೈನಿಂಗ್ ಬಿಟ್ಟು ರೈಲು ಹತ್ತಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿನ ಎಸ್‌ಟಿಡಿ ಬೂತು ಅತ್ತೆಯ ದೊಡ್ಡಪ್ಪನ ಮಗನದು. ಗಾಜಿನ ಬಾಗಿಲು ಹಾಕಿಕೊಂಡರೂ ಅವರು ಕಿವಿ ಹೊರಗಿಟ್ಟುಕೊಂಡೇ ಕೂತಿರುತ್ತಾರೆ. ಮಾವ ‘ನಿರಂಜನನಿಗೆ ಬರೀಬೇಡ’ ಎಂದಿದ್ದಾರೆ. ನಾನು ‘ಆಯ್ತು ಮಾವ’ ಎಂದೂ ಹೇಳಿದ್ದೇನೆ. ಆದರೆ ನಾಳೆ ಬೆಳಿಗ್ಗೆ ಅವರು ಮತ್ತೆ ನಿಮ್ಮ ಹಸಿರು ಕಾರಿನಲ್ಲಿ ಕಲ್ಹಟ್ಟಿ ಘಾಟಿ ಇಳಿಯುತ್ತಾರೆ, ಮತ್ತೆ ಹೋದ ಗುರುವಾರ ಇಳಿದ ಹಾಗೆಯೇ ಇಳಿಯುತ್ತಾರೇನೋ ಎಂಬ ಭಯಕ್ಕೆ ನನಗೆ ಅನ್ನ ಸೇರುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಆ ಕಾರಿನಲ್ಲಿ ಸ್ಪೀಡೋಮೀಟರಿನ ಪಕ್ಕ ಕಡಲೆಕಾಳಿನಷ್ಟು ಕೆಂಪು ಗಾಜು ಇದೆಯಲ್ಲ, ಬ್ರೇಕ್ ಎಂದು ಇಂಗ್ಲಿಷಿನಲ್ಲಿ ಬರೆದಿರುವುದು? ಮದುವೆಯಾದ ವಾರವೇ ನೀವು ಅದನ್ನು ತೋರಿಸಿ, ‘ಇದು ಹುಟ್ಟು ಕುರುಡು. ಬೇರೆ ಯಾವುದೋ ದೇಶಕ್ಕೆ ಹೋಗುವ ಕಾರುಗಳಿಗೆ ಮಾತ್ರ ಇದಕ್ಕೆ ವೈರ್ ಕೊಡುತ್ತಿದ್ದರಂತೆ, ನಮ್ಮದಕ್ಕೆ ಬರೀ ಗಾಜು, ಬಲ್ಬು’ ಎಂದು ನಕ್ಕಿದ್ದಿರಿ. ನೀವು ಅದನ್ನು ಬೆರಳಿನಿಂದ ತಟ್ಟಿದ ರೀತಿ ನೋಡಿ ನನಗೆ ಅಯ್ಯೋ ಅನ್ನಿಸಿತ್ತು. ನೀವು ಟ್ರೈನಿಂಗ್ ಮುಗಿಸಿ ಬರುವಷ್ಟರಲ್ಲಿ ಅದನ್ನು ಉರಿಸಿ ತೋರಿಸಬೇಕು, ನೀವು ಸೀಟಿನಲ್ಲಿ ಕೂತು ಬೆರಗಾಗಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಹೊಸ ಹೆಂಡತಿಯರು ಗಂಡನಿಗೆ ಸ್ವೆಟರ್ ಹೆಣೆಯುತ್ತಾರೆ, ನನಗೆ ಹೆಣಿಗೆ ಬರುವುದಿಲ್ಲ!

ಊಟಿಯ ರಾಜೇಂದ್ರನ್ ಅಣ್ಣ, ಅದೇ ನಿಮ್ಮ ಮೆಕ್ಯಾನಿಕ್, ಮೊದಲು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ‘ಎದುಕ್ಕಮ್ಮಾ ಇದೆಲ್ಲಾ, ನಿರಂಜನ್ ಸಾರ್ ಬಂದ ಮೇಲೆ ನೋಡೋಣ’ ಎಂದು ಜಾರಿಕೊಂಡರು. ನಾನು ಶೆಡ್ಡಿನಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಆಮೇಲೆ ಅವರಿಗೂ ಹುಮ್ಮಸ್ಸು ಬಂತು. ಗುಜರಿಯಲ್ಲಿದ್ದ ಹೊಸ ಮಾದರಿಯ ಕಾರಿನಿಂದ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ ತಂದರು. ಅದರ ಒಳಗೆ ತೇಲುವ ಬೆಂಡಿನಂಥದ್ದು ಇರುತ್ತದೆ. ಆಯಿಲ್ ಇಳಿದರೆ ಬೆಂಡೂ ಇಳಿದು ಎರಡು ತಗಡು ಕೂಡಿಕೊಳ್ಳುತ್ತವೆ, ದೀಪ ಹತ್ತುತ್ತದೆ. ಅಷ್ಟೇ! ನಮ್ಮ ಡಬ್ಬಿಗೆ ಆ ಮುಚ್ಚಳ ಕೂರದೆ ಅರ್ಧ ದಿನ ಉಜ್ಜಿದರು. ವೈರನ್ನು ಡ್ಯಾಶ್‌ಬೋರ್ಡಿನ ಹಿಂದೆ ಎಳೆಯುವಾಗ ಅವರ ಕೈ ದಪ್ಪ, ತೂರಲಿಲ್ಲ. ನನ್ನ ಕೈ ತೂರಿತು, ಬಳೆ ತೆಗೆದಿಟ್ಟು. ಕೀ ತಿರುಗಿಸಿದಾಗ ಬ್ಯಾಟರಿ ದೀಪಕ್ಕೆ ಕರೆಂಟ್ ಬರುವ ವೈರಿಗೇ ಇದನ್ನೂ ಜೋಡಿಸಿದೆವು. ರಾಜೇಂದ್ರನ್ ಅಣ್ಣ ಮುಚ್ಚಳ ಎತ್ತಿ ಹಿಡಿದರು. ಮೂವತ್ತು ವರ್ಷ ಒಂದು ಸಲವೂ ಉರಿಯದ ಬಲ್ಬು, ನಿರಂಜನ್, ಮೊದಲ ಸಲಕ್ಕೇ ಕೆಂಪಗೆ ಹೊತ್ತಿಕೊಂಡಿತು. ನಾನು ಕಿರುಚಿದ್ದಕ್ಕೆ ಪಕ್ಕದ ಟಯರ್ ಅಂಗಡಿಯವರು ಏನೋ ಆಯಿತೆಂದು ಓಡಿ ಬಂದರು.

ಮಾವ ಅದನ್ನು ನೋಡಿ ಮೀಸೆಯಲ್ಲೇ ನಕ್ಕರು. ‘ಏನಮ್ಮಾ ರೂಪಾ, ಕಾರಿಗೆ ಕುಂಕುಮ ಇಟ್ಟಿದ್ದೀಯಾ?’ ನಾನು ದೊಡ್ಡ ಟೀಚರಮ್ಮನ ಹಾಗೆ ವಿವರಿಸಿದೆ: ‘ಮಾವ, ಇದು ಉರಿಯದೆ ಇದ್ದರೆ ಬ್ರೇಕ್ ಸರಿ ಇದೆ ಅಂತ ಅರ್ಥ. ಉರಿದರೆ ನಿಲ್ಲಿಸಿಬಿಡಿ.’ ಅವರು ಸರಿ ಎಂದರು. ಅವತ್ತಿನಿಂದ ಎಲ್ಲಿಂದ ಬಂದರೂ ಗೇಟಿನಲ್ಲೇ ‘ನಿನ್ನ ದೀಪ ಉರೀಲಿಲ್ಲ ಕಣಮ್ಮ’ ಎಂದು ಕೂಗಿ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನಾನು ಹಿಗ್ಗುತ್ತಿದ್ದೆ.

ಗುರುವಾರ ಬೊಕ್ಕಾಪುರದ ಜಮೀನು ತೋರಿಸುತ್ತೇನೆ ಬಾ ಎಂದರು. ಅಲ್ಲಿ ಜಮೀನು ನೋಡಿಕೊಳ್ಳುವ ಮಾದ ಬದನೆ ಸಸಿ ಹಾಕಿದ್ದಾನೆ, ಸೊಸೆ ಒಂದು ಸಲ ಕಾಲಿಟ್ಟು ಬರಲಿ ಎಂದು ಅತ್ತೆಯೂ ಚಿತ್ರಾನ್ನ ಕಟ್ಟಿಕೊಟ್ಟು ಕಳಿಸಿದರು. ಇಬ್ಬನಿ ಬಿದ್ದ ಬೆಳಿಗ್ಗೆ, ಬಿಸಿಲು ಚುರುಕಾಗಿತ್ತು, ಮೇಲಿನ ಕ್ಯಾನ್ವಾಸ್ ಮಡಚಿದ್ದೆವು. ನಿಮ್ಮ ಸೀಟಿನಲ್ಲಿ ಮಾವ, ನನ್ನ ಸೀಟಿನಲ್ಲಿ ನಾನು. ತಲೈಕುಂದಾ ದಾಟಿ ಇಳಿಜಾರು ಶುರುವಾಯಿತು ನೋಡಿ, ಮಾವ ಗೇರು ತೆಗೆದು ನ್ಯೂಟ್ರಲ್ ಮಾಡಿ, ಟಕ್ ಎಂದು ಕೀ ಆಫ್ ಮಾಡಿದರು. ಎಂಜಿನ್ ಸದ್ದು ನಿಂತುಹೋಯಿತು. ಬರೀ ಗಾಳಿ, ಟಯರಿನ ಸದ್ದು. ನಾನು ಬೆಚ್ಚಿದ್ದು ನೋಡಿ, ‘ಇಳಿಜಾರು ದೇವರು ಕೊಟ್ಟಿದ್ದು ಕಣಮ್ಮ, ಇದಕ್ಕೂ ಯಾಕೆ ಪೆಟ್ರೋಲ್ ಸುಡಬೇಕು? ತರಕಾರಿ ಲಾರಿ ಓಡಿಸುತ್ತಿದ್ದ ಕಾಲದಿಂದ ನಾನು ಇಳಿಯೋದು ಹೀಗೇ’ ಎಂದರು. ನಿಮಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ನನಗೆ ಹೇಳಲಿಲ್ಲವೇ?

ಮೊದಮೊದಲು ಹಕ್ಕಿ ಹಾರಿದ ಹಾಗಿತ್ತು, ನಿಜ ಹೇಳುತ್ತೇನೆ, ಖುಷಿಯೇ ಆಯಿತು. ತಿರುವು ತಿರುವಿಗೂ ಕಂಬದ ಮೇಲೆ ನಂಬರು ಬರುತ್ತಿತ್ತು. ನಾನು ದೀಪ ನೋಡುತ್ತ ‘ಉರೀತಿಲ್ಲ ಮಾವ, ಎಲ್ಲ ಸರಿ ಇದೆ’ ಎನ್ನುತ್ತಿದ್ದೆ. ಅವರು ಇನ್ನಷ್ಟು ಧೈರ್ಯವಾಗಿ ಬಿಡುತ್ತಿದ್ದರು. ಆಮೇಲೆ ಅವರ ಪಾದದ ಕಡೆ ನನ್ನ ಕಣ್ಣು ಹೋಯಿತು. ಮೊದಲು ಒಂದು ಸಲ ಒತ್ತುತ್ತಿದ್ದ ಪೆಡಲನ್ನು ಈಗ ಎರಡು ಸಲ, ಮೂರು ಸಲ ಒತ್ತುತ್ತಿದ್ದರು. ಏನೋ ಕಾದ ವಾಸನೆ ಬೇರೆ. ದೀಪ ನೋಡಿದೆ, ಕಪ್ಪಗಿತ್ತು. ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅದರ ಪಕ್ಕದ ಬ್ಯಾಟರಿ ದೀಪ ಕಂಡಿತು. ಅದೂ ಕಪ್ಪಗಿತ್ತು. ಎಂಜಿನ್ ನಿಂತು ಕೀ ಆನ್ ಇದ್ದರೆ ಬ್ಯಾಟರಿ ದೀಪ ಉರಿಯಲೇಬೇಕು, ಶೆಡ್ಡಿನಲ್ಲಿ ಅಷ್ಟು ಸಲ ನೋಡಿದ್ದೇನೆ. ಆಗ ಹೊಳೆಯಿತು, ನಿರಂಜನ್. ಕೀ ಆಫ್ ಆದರೆ ನಮ್ಮ ದೀಪಕ್ಕೆ ಕರೆಂಟೇ ಇಲ್ಲ. ಇಷ್ಟು ದಿನ ಮಾವ ಯಾವ ಇಳಿಜಾರಿನಲ್ಲಿ ‘ಉರೀಲಿಲ್ಲ’ ಎಂದು ನಂಬಿದ್ದರೋ, ಅಲ್ಲೆಲ್ಲ ಅದು ಉರಿಯಲು ಸಾಧ್ಯವೇ ಇರಲಿಲ್ಲ.

‘ಮಾವ, ಒಂದು ಸಲ ಕೀ ಆನ್ ಮಾಡಿ’ ಎಂದೆ. ‘ಯಾಕೆ?’ ‘ದೀಪ ನೋಡಬೇಕು.’ ‘ಉರೀತಿಲ್ಲವಲ್ಲ! ಸರಿ ಇದೆ ಅಂತ ಈಗ ತಾನೇ ನೀನೇ ಅಂದೆ.’ ನನ್ನ ಮಾತೇ ನನಗೆ ಅಡ್ಡ ಬಂತು. ವಿವರಿಸಲು ಹೋದರೆ ನಾಲಿಗೆ ಹೊರಳುತ್ತಿಲ್ಲ, ಕರೆಂಟು, ವೈರು, ಕೀ ಎಂದು ಮೂರೂ ಒಟ್ಟಿಗೆ ಬರುತ್ತಿವೆ. ಅವರು ‘ಹೆದರಬೇಡ, ಕಣ್ಣು ಮುಚ್ಚಿಕೋ’ ಎಂದರು. ಮುಂದಿನ ತಿರುವು ಕಾಣುತ್ತಿತ್ತು, ಅದರಾಚೆ ಬರೀ ಆಕಾಶ. ಮದುವೆಯಾಗಿ ಮೂರು ತಿಂಗಳಾದ ಸೊಸೆ ಮಾವ ಓಡಿಸುತ್ತಿರುವ ಕಾರಿನ ಕೀಗೆ ಕೈ ಹಾಕಬಹುದೇ ಎಂದು ಯಾವ ಕಾನ್ವೆಂಟಿನಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಕೈ ಹಾಕಿದೆ. ‘ಏಯ್, ತೆಗಿ ಕೈ!’ ಎಂದು ಅವರು ನನ್ನ ಕೈಗೆ ಹೊಡೆದರು, ಜೋರಾಗಿಯೇ ಹೊಡೆದರು. ಅಷ್ಟರಲ್ಲಿ ಕೀ ತಿರುಗಿತ್ತು. ಎರಡು ದೀಪವೂ ಕೆಂಪಗೆ ಹೊತ್ತಿದವು.

ಮಾವ ಒಂದು ಕ್ಷಣ ಅದನ್ನೇ ನೋಡಿದರು. ಪೆಡಲ್ ಒತ್ತಿದರು. ಅದು ನೆಲದವರೆಗೂ ಹೋಯಿತು, ಹತ್ತಿಯ ಮೂಟೆ ಒತ್ತಿದ ಹಾಗೆ. ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕ್ಲಚ್ ಒತ್ತಿ ಗೇರು ಕೊಟ್ಟರು, ಕಾರು ಕಿರುಚಿಕೊಂಡಿತು, ಎಂಜಿನ್ ಎದ್ದು ಗುಡುಗಿತು. ಹ್ಯಾಂಡ್ ಬ್ರೇಕ್ ಎಳೆಯುತ್ತಾ, ಬಿಡುತ್ತಾ, ಎಳೆಯುತ್ತಾ, ಕಾರನ್ನು ಗುಡ್ಡದ ಕಡೆಗೆ ತಂದು ಮಣ್ಣಿನ ದಿಬ್ಬಕ್ಕೆ ಪಕ್ಕೆ ಉಜ್ಜಿಸಿದರು. ಬಲಗೈ ಸ್ಟಿಯರಿಂಗಿನಲ್ಲಿ, ಎಡಗೈ ಒಮ್ಮೆ ಹ್ಯಾಂಡ್ ಬ್ರೇಕಿಗೆ, ಒಮ್ಮೆ ನನ್ನ ಎದುರಿಗೆ ಅಡ್ಡ. ಚರಂಡಿಗೆ ಚಕ್ರ ಇಳಿದು ಕಾರು ನಿಂತಿತು. ಮಸಿನಗುಡಿ ಕಡೆಯಿಂದ ಬಸ್ಸೊಂದು ಆ ತಿರುವನ್ನು ಪೂರ್ತಿ ತುಂಬಿಕೊಂಡು ಮೇಲಕ್ಕೆ ಬಂತು. ಅದು ದಾಟಿ ಹೋದ ಮೇಲೆಯೇ ನಾವಿಬ್ಬರೂ ಉಸಿರು ಬಿಟ್ಟಿದ್ದು.

ಮಾವ ಹ್ಯಾಂಡ್ ಬ್ರೇಕನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದರು. ಆಮೇಲೆ ನನ್ನ ಕೈ ತೆಗೆದುಕೊಂಡು ತಿರುಗಿಸಿ ನೋಡಿದರು. ಕೆಂಪಾಗಿತ್ತು. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ‘ನಿಮ್ಮತ್ತೆಗೆ ಹೇಳಬೇಡ, ನಿರಂಜನನಿಗೆ ಬರೀಬೇಡ’ ಎಂದಷ್ಟೇ ಹೇಳಿದರು. ರಾಜೇಂದ್ರನ್ ಅಣ್ಣ ಬಂದು ನೋಡಿದರೆ ಹಿಂದಿನ ಚಕ್ರದ ಪೈಪು ಉಜ್ಜಿ ಉಜ್ಜಿ ಒಡೆದಿತ್ತು, ಪೆಡಲ್ ಒತ್ತಿದಾಗಲೆಲ್ಲ ಆಯಿಲ್ ಹೊರಗೆ. ‘ನಾವಿಬ್ಬರೂ ಎಲ್ಲಾ ಯೋಚನೆ ಮಾಡಿದೆವು ಅಮ್ಮಾ, ದೊಡ್ಡ ಸಾರ್ ಕೀನೇ ಆಫ್ ಮಾಡ್ತಾರೆ ಅಂತ ಯಾರಿಗೆ ತೆರಿಯುಂ?’ ಎಂದು ತಲೆ ಕೆರೆದುಕೊಂಡರು. ಹೊಸ ಪೈಪು ಹಾಕಿ ಬ್ರೇಕ್ ಸರಿ ಮಾಡಿದ್ದಾರೆ. ಕೀ ಇಲ್ಲದೆಯೂ ದೀಪ ಉರಿಯುವ ಹಾಗೆ ನೇರ ಬ್ಯಾಟರಿಗೆ ವೈರ್ ಕೊಡೋಣ ಎಂದೆ. ಮಾವ ‘ಸಾಕು, ಇನ್ನು ಯಾರೂ ಅದಕ್ಕೆ ಕೈ ಹಾಕಬೇಡಿ’ ಎಂದುಬಿಟ್ಟರು. ವೈರ್ ಕೊಟ್ಟರೂ ಏನು? ದೀಪ ಆಯಿಲ್ ಇಳಿದದ್ದನ್ನು ಹೇಳುತ್ತದೆ, ಬ್ರೇಕ್ ಕಾದು ಸೋತದ್ದನ್ನು ಹೇಳುವುದಿಲ್ಲ. ಗೇರಿನಲ್ಲೇ ಇಳಿಯಬೇಕು, ಬೇರೆ ದಾರಿಯಿಲ್ಲ.

ಪಕ್ಕೆಯ ಗೀರಿಗೆ ಆಡು ಅಡ್ಡ ಬಂದ ಕಥೆ ಹೇಳಿದ್ದಾರೆ. ಅತ್ತೆ ಮೂರು ದಿನದಿಂದ ಆ ಇಲ್ಲದ ಆಡನ್ನೂ ಅದರ ಒಡೆಯನ ವಂಶವನ್ನೂ ಬೈಯುತ್ತಿದ್ದಾರೆ. ಮಾವ ತಲೆ ತಗ್ಗಿಸಿ ಊಟ ಮಾಡುತ್ತಾರೆ. ನನ್ನ ಜೊತೆ ಮಾತು ನಿಂತಿದೆ. ಕೋಪವೋ, ನಾಚಿಕೆಯೋ ನನಗೆ ಗೊತ್ತಾಗುತ್ತಿಲ್ಲ. ನಿನ್ನೆ ಧೈರ್ಯ ಮಾಡಿ ‘ಸೋಮವಾರ ಕೀ ಆಫ್ ಮಾಡಬೇಡಿ ಮಾವ’ ಎಂದೆ. ಪೇಪರಿನಿಂದ ತಲೆ ಎತ್ತಲಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ಕಾಗದ ತಲುಪುವಷ್ಟರಲ್ಲಿ ನಾಳೆ ಕಳೆದು ಎಷ್ಟೋ ದಿನ ಆಗಿರುತ್ತದೆ, ಗೊತ್ತು. ಆಮೇಲಿನ ನಾಳೆಗಳಿಗಾದರೂ ನೀವು ಅವರಿಗೆ ಬರೆಯಬೇಕು. ನನ್ನ ಹೆಸರು ಎತ್ತಬೇಡಿ, ಘಾಟಿಯ ಮಾತು ಬೇಡ. ಇಳಿಜಾರಿನಲ್ಲಿ ಕೀ ಆಫ್ ಮಾಡಿದರೆ ಗೇರ್ ಬಾಕ್ಸ್ ಹಾಳಾಗುತ್ತೆ ಎಂದು ಯಾರೋ ದೊಡ್ಡ ಎಂಜಿನಿಯರ್ ಹೇಳಿದರು ಎಂದು ಸುಳ್ಳು ಬರೆಯಿರಿ. ಕಾರಿಗೆ ಹಾಳು ಎಂದರೆ ಕೇಳಿಯಾರು, ತಮಗೆ ಹಾಳು ಎಂದರೆ ಕೇಳುವವರಲ್ಲ. ನೀವೂ ಅಷ್ಟೇ, ಅಪ್ಪನ ಮಗ!

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ನಿಮ್ಮ ಹಾಸ್ಟೆಲಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ. ನಿಮಗೆ ಏನೆಂದು ಬರೆಯಲಿ, ಈ ಹಾಳೆಯ ಅಂಚಿನವರೆಗೂ ಜಾಗ ಸಾಲುವುದಿಲ್ಲ.

ಸದಾ ನಿಮ್ಮವಳೇ,
ರೂಪಶ್ರೀ

ವಿ.ಸೂ.: ಸೋಮವಾರ ಬೆಳಿಗ್ಗೆ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಕವರು ಅಂಟಿಸಲು ಕೂತಿದ್ದೆ, ಮಾವ ಹೊರಡುವ ಮುಂಚೆ ಬಾಗಿಲಿಗೆ ಬಂದು ‘ಅವನಿಗೇನಾ?’ ಎಂದರು. ಸುಳ್ಳು ಬರಲಿಲ್ಲ, ‘ಹೌದು ಮಾವ’ ಎಂದೆ. ‘ಎಲ್ಲಾ ಬರೆದೆಯಾ?’ ‘ಎಲ್ಲಾ ಬರೆದೆ.’ ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು: ‘ಹಾಗಾದರೆ ಇದೊಂದು ಸೇರಿಸಮ್ಮ. ಇನ್ನು ಮೇಲೆ ಕಾರಿಗೆ ಪೆಟ್ರೋಲ್ ಜಾಸ್ತಿ ಬೇಕಾಗುತ್ತೆ ಅಂತ ಬರಿ.’