ಬಾಲದ ಭಾಷಾಂತರ

ಬುಧವಾರ ಮಧ್ಯಾಹ್ನ,
ವಿದೇಶಾಂಗ ಕಚೇರಿಯ ಕ್ಯಾಂಟೀನು

ನನ್ನ ಘನತೆವೆತ್ತ ನೆರೆರಾಷ್ಟ್ರಕ್ಕೆ,

ನಿನ್ನ ಮುನಿಸು ಕ್ಷೇಮವೇ? ನಾನು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಕ್ಷೇಮವಾಗಿದ್ದೇನೆ. ಎದುರಿಗಿನ ಕಾಫಿ ಆರಿ ಕೆನೆಗಟ್ಟಿದೆ.

ನದಿಯಾಚೆಯ ತವರಿಗೆ ಹೋದವಳು ನಿಮ್ಮ ಸರ್ಕಾರದ ದುಭಾಷಿ ಕೆಲಸಕ್ಕೆ ಮತ್ತೆ ಸೇರಿದ್ದೀಯೆಂದು ಕೇಳಿದ್ದೆ. ಆದರೆ ನಿನ್ನೆ ಮಾತುಕತೆಯ ಮೇಜಿನಲ್ಲಿ ನಮ್ಮ ಸಚಿವರ ಪಕ್ಕ ನಾನು, ನಿಮ್ಮ ಸಚಿವರ ಪಕ್ಕ ನೀನು! ಗಂಡ ಹೆಂಡಿರ ಜಗಳಕ್ಕೆ ಎರಡು ದೇಶಗಳು ಬಾವುಟ ಸಮೇತ ಹಾಜರಾದಂತಿತ್ತು. ನೀನು ನನಗೆ ಕೈಮುಗಿದದ್ದೂ ಶಿಷ್ಟಾಚಾರದ ಪ್ರಕಾರವೇ.

ಸೇತುವೆ ತೆರೆದಿರಬೇಕೋ ಮುಚ್ಚಬೇಕೋ ಎಂಬುದು ವಿಷಯ. ಎರಡೂ ಕಡೆ ಚುನಾವಣೆ. ಕ್ಯಾಮೆರಾ ಕಂಡದ್ದೇ ತಡ, ನಮ್ಮವರು ಮೇಜು ಗುದ್ದಿ, "ಬಾಲ ಬಿಚ್ಚಿದ್ರೆ ಕತ್ತರಿಸ್ತೀವಿ" ಎಂದರು. ಮರುಕ್ಷಣ ನನ್ನ ಕಿವಿಗೆ ಬಾಗಿ, "ಅದು ನಮ್ಮ ಓಟಿನವರಿಗೆ ಕಣಯ್ಯ. ಇವರಿಗೆ ಬೇರೇನಾದ್ರೂ ಹೇಳು" ಎಂದರು.

ಬೇರೇನು ಹೇಳಲಿ? ಎರಡೂ ದಡದ ದನಕರುಗಳ ಆರೋಗ್ಯದ ಬಗ್ಗೆ ನಮ್ಮ ಸಚಿವರಿಗೆ ಕಾಳಜಿಯಿದೆ ಎಂದುಬಿಟ್ಟೆ. ಆ ಬಾಲ ಯಾರದೆಂದು ನಿನಗೆ ಗೊತ್ತು. ಆದರೂ ನೀನು ಚಾಡಿ ಹೇಳಲಿಲ್ಲ, ತುಟಿ ಕಚ್ಚಿಕೊಂಡೆ.

ಆಮೇಲೆ ನಿಮ್ಮ ಕಡೆಯ ಕ್ಯಾಮೆರಾಗಳ ಸರದಿ. ನಿಮ್ಮವರೂ ಗುದ್ದಿದರು, ಗುಡುಗಿದರು. ನೀನು ನಮ್ಮವರಿಗೆ ತಣ್ಣಗೆ, ಸೇತುವೆ ಭಾನುವಾರದವರೆಗೆ ತೆರೆದಿರಲೆಂದು ಕೋರುತ್ತಿದ್ದಾರೆ ಎಂದೆ. ಕೋರಿಕೆಯೆಂದ ಮೇಲೆ ನಮ್ಮವರು ಉದಾರವಾಗಿ ಒಪ್ಪಿದರು. ಅದೇ ಒಪ್ಪಿಗೆಯನ್ನು ನಾನು ನಿಮ್ಮವರ ಮುಂದೆ ನಮ್ಮವರ ಬೇಡಿಕೆಯೆಂದು ಇಟ್ಟೆ. ಅವರೂ ದೊಡ್ಡ ಮನಸ್ಸು ಮಾಡಿದರು. ಹೊರಗೆ ಬಂದು ಇಬ್ಬರೂ ತಾವೇ ಗೆದ್ದೆವೆಂದು ಹೇಳಿಕೆ ಕೊಟ್ಟರು.

ಸಚಿವರ ಆ ಪಿಸುಮಾತು ಮಾತ್ರ ಕಿವಿ ಬಿಟ್ಟು ಹೋಗುತ್ತಿಲ್ಲ. ಮನೆಯಲ್ಲಿ ನಮ್ಮಕ್ಕನ ಎದುರು ನಾನು ನಿನಗೆ, "ಇಷ್ಟ ಇದ್ರೆ ಇರು, ಇಲ್ದಿದ್ರೆ ನಿಮ್ಮೂರಿಗೆ ನಡಿ" ಎಂದೆನಲ್ಲ, ಅದು ಅಕ್ಕನ ಓಟಿಗಾಗಿ ಆಡಿದ ಮಾತು ಕಣೇ. ನೀನು ಅದನ್ನೇ ವಿದೇಶಾಂಗ ನೀತಿಯೆಂದುಕೊಂಡು ಪೆಟ್ಟಿಗೆ ಕಟ್ಟಿದೆ. ಮನೆಯಲ್ಲಿ ಇಬ್ಬರು ದುಭಾಷಿಗಳಿದ್ದೂ ಆ ಒಂದು ಮಾತನ್ನು ಅನುವಾದಿಸುವವರಿರಲಿಲ್ಲ. ಆ ಓಟೂ ಈಗ ಕೈತಪ್ಪಿದೆ. ಹೆಂಡತಿಯನ್ನು ಕರೆತರಲಾಗದ ದಂಡಪಿಂಡ ಎಂದು ಅಕ್ಕ ದಿನಾ ಬೈಯುತ್ತಾಳೆ.

ಭಾನುವಾರ ಸಂಜೆ ಸೇತುವೆ ಮುಚ್ಚುತ್ತದೆ. ಮತ್ತೆ ಯಾವಾಗ ತೆರೆಯುತ್ತದೋ ಮತದಾರರೇ ಬಲ್ಲರು. ಬೆಳಗಿನಿಂದಲೇ ಈ ದಡದಲ್ಲಿ ನಿಂತಿರುತ್ತೇನೆ. ಕ್ಯಾಮೆರಾ ಇರುವುದಿಲ್ಲ.

ಇಂತಿ,
ಬಾಲ ಮುದುರಿಕೊಂಡ ನಿನ್ನ ಗಂಡ

ತಾ.ಕ.: ನಿಮ್ಮ ಭಾಷೆ ನನಗೂ ಬರುತ್ತದೆ, ಮರೆತೆಯಾ? ನಿಮ್ಮ ಸಚಿವರು ಗುಡುಗಿದ್ದು, ಸೇತುವೆಯನ್ನು ಇವತ್ತೇ ಮುಚ್ಚುತ್ತೇವೆ ಎಂದು. ಭಾನುವಾರ ಎಂಬ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.